ಒಂದೇ ಹಳ್ಳ, ಎರಡು ಸಸ್ಪೆನ್ಷನ್

ನಮ್ಮ ಭಾವನವರ ಕಾರು ರಾತ್ರಿ ನೆಟ್ಟಗೇ ನಿಂತಿತ್ತು. ಬೆಳಗ್ಗೆ ನೋಡಿದರೆ ಎಡಗಡೆ ಮುಂದಿನ ಮೂಲೆ ಕುಸಿದು, ಕೋಲೆ ಬಸವ ಮಂಡಿಯೂರಿದ ಹಾಗೆ ಗೇಟಿನ ಮುಂದೆ ಬಗ್ಗಿತ್ತು. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ದೊಡ್ಡ ಕಾರು. ಅದಕ್ಕೆ ಕಬ್ಬಿಣದ ಸ್ಪ್ರಿಂಗ್ ಇಲ್ಲ, ಗಾಳಿ ತುಂಬಿದ ರಬ್ಬರ್ ಚೀಲಗಳ ಮೇಲೆ ಕೂತಿರುತ್ತೆ. ಅದಕ್ಕೆ ಏರ್ ಸಸ್ಪೆನ್ಷನ್ ಅಂತಾರೆ. "ಹಳ್ಳ ಬಂದದ್ದೇ ಗೊತ್ತಾಗಲ್ಲ ಕಣೋ" ಅಂತ ತಂದ ದಿನವೇ ನನ್ನನ್ನು ಒಂದು ರೌಂಡ್ ಹೊಡೆಸಿದ್ದರು. ನಮ್ಮ ಬಡಾವಣೆಯ ಹಳ್ಳಗಳು ಅದನ್ನು ಕೇಳಿಸಿಕೊಂಡಿರಬೇಕು.

ಅದೇ ವಾರ ಇನ್ನೊಂದು ಸುದ್ದಿ. ಮಳೆಗೆ ರಸ್ತೆ ಕಿತ್ತುಹೋಗಿದ್ದಕ್ಕೆ ನಮ್ಮ ವಾರ್ಡಿನ ಎಂಜಿನಿಯರ್ ಒಬ್ಬರು ಸಸ್ಪೆಂಡ್ ಆದರು.

ಭಾವನವರ ಜೊತೆ ನಾನೂ ಸರ್ವಿಸ್ ಸೆಂಟರ್‌ಗೆ ಹೋದೆ. ಏಸಿ, ಸೋಫಾ, ಬಿಟ್ಟಿ ಕಾಫಿ. ಟೈ ಕಟ್ಟಿದ ಹುಡುಗ ಸ್ಟೇರಿಂಗ್ ಕೆಳಗೆ ಸ್ಕ್ಯಾನರ್‌ನ ವೈರ್ ಚುಚ್ಚಿದ. ಪರದೆ ಮೇಲೆ ಐದಕ್ಷರದ ಕೋಡ್ ಬಂತು, 'ಸಿ' ಇಂದ ಶುರು. ಸಿ ಅಂದರೆ ಚಾಸಿ, ಅಂದರೆ ಚಕ್ರ, ಬ್ರೇಕ್, ಸಸ್ಪೆನ್ಷನ್ ಕಡೆಯ ದೂರು. ಪಿ ಬಂದರೆ ಎಂಜಿನ್, ಗೇರ್ ಕಡೆಯದು. ಬಿ ಅಂದರೆ ಬಾಡಿ. ಯು ಬಂದರೆ ಕಾರಿನೊಳಗಿನ ಕಂಪ್ಯೂಟರುಗಳು ಒಂದಕ್ಕೊಂದು ಮಾತು ಬಿಟ್ಟಿವೆ ಅಂತ ಅರ್ಥ. (ಈ ಕೊನೆಯದು ನಮ್ಮ ಮನೆಯಲ್ಲೂ ತಿಂಗಳಿಗೊಮ್ಮೆ ಬರುತ್ತೆ. ಯಾವ ಸ್ಕ್ಯಾನರ್ರೂ ಅಳಿಸಿಲ್ಲ.)

"ಕಂಪ್ರೆಸರ್ ಹೋಗಿದೆ ಸರ್" ಅಂದ ಹುಡುಗ. ಚೀಲಗಳಿಗೆ ಗಾಳಿ ತುಂಬುವ ಪಂಪ್ ಅದು.

ನಾನು ಪರದೆ ಇಣುಕಿ ನೋಡಿದೆ. ಅಲ್ಲಿ ಇದ್ದದ್ದು ಇಷ್ಟೇ: ಗಾಳಿ ಕೂಡಿಡುವ ಟ್ಯಾಂಕು ತುಂಬುವಾಗ ಒತ್ತಡ ಬೇಗ ಏರುತ್ತಿಲ್ಲ. "ಕಂಪ್ರೆಸರ್ ಅಂತ ಎಲ್ಲಪ್ಪಾ ಬರೆದಿದೆ?" ಅಂದೆ.

"ಸಿಸ್ಟಮ್ ಹೇಳ್ತಿದೆ ಸರ್."

ಕಣಿ ಹೇಳುವವಳು ಕೂಡ ಕೈ ಹಿಡಿದು ನಾಲ್ಕು ಪ್ರಶ್ನೆ ಕೇಳ್ತಾಳೆ. ಇವರು ಕಾರಿನ ಕೆಳಗೆ ಬಗ್ಗಿಯೂ ನೋಡಲಿಲ್ಲ. ಹೊಸ ಕಂಪ್ರೆಸರ್ ಬಂತು, ಕೋಡ್ ಅಳಿಸಿದರು, ಕೆಂಪು ದೀಪ ಆರಿತು. ಬಿಲ್ ಲಕ್ಷದ ಹತ್ತಿರ. ಹನ್ನೊಂದನೇ ದಿನ ಬೆಳಗ್ಗೆ ಬಸವ ಮತ್ತೆ ಮಂಡಿಯೂರಿತ್ತು. ಅದೇ ಮೂಲೆ, ಅದೇ ಕೋಡ್. ಫೋನ್ ಮಾಡಿದರೆ, "ತಗೊಂಡು ಬನ್ನಿ ಸರ್, ಮತ್ತೆ ಸ್ಕ್ಯಾನ್ ಮಾಡೋಣ."

ಭಾವ ಈ ಸಲ ಜೆ.ಸಿ. ರಸ್ತೆ ಕಡೆಯ ಒಬ್ಬ ಹಳೇ ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿದರು. ಅವನ ಹತ್ತಿರ ಲ್ಯಾಪ್‌ಟಾಪ್ ಇರಲಿಲ್ಲ. "ಅಕ್ಕಾ, ಒಂದು ಮಗ್ ನೀರು ಕೊಡ್ತೀರಾ?" ಅಂದ. ಜೇಬಿಂದ ಒಂದು ರೂಪಾಯಿಯ ಶಾಂಪೂ ಪೊಟ್ಟಣ ತೆಗೆದು, ಹಲ್ಲಲ್ಲಿ ಹರಿದು, ನೀರಿಗೆ ಹಿಂಡಿ ಕಲಕಿದ. ಜಾಕ್ ಕೊಟ್ಟು ಚಕ್ರ ಬಿಚ್ಚಿ, ಬ್ರಷ್ ಅದ್ದಿ ರಬ್ಬರ್ ಚೀಲದ ಮಡಿಕೆಗೆ ಸವರಿದ. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಒಂದು ಮಡಿಕೆಯಲ್ಲಿ ಸಣ್ಣಗೆ ಗುಳ್ಳೆ ಎದ್ದಿತು. ಅದರ ಪಕ್ಕ ಇನ್ನೊಂದು. ನೋಡನೋಡುತ್ತಾ ಸಾಸಿವೆಯಷ್ಟಿದ್ದದ್ದು ಸಾಬುದಾನಿಯಷ್ಟಾಯಿತು. ಪಂಚರ್ ಅಂಗಡಿಯವನು ಟ್ಯೂಬನ್ನು ನೀರಿನ ಬಾಂಡ್ಲಿಯಲ್ಲಿ ಮುಳುಗಿಸಿ ಮಾಡೋದೂ ಇದೇ ಪರೀಕ್ಷೆ, ಅಲ್ವಾ?

"ನೋಡಿ ಸಾರ್, ಕಳ್ಳ ಇಲ್ಲವ್ನೆ. ಪಾಪ, ನೀವು ಕಂಪ್ರೆಸರ್‌ನ ಹಿಡ್ಕೊಂಡು ಬಡಿದ್ರಿ."

ಕತೆ ಇಷ್ಟೇ. ರಬ್ಬರ್ ಹಳೇದಾಗಿ ಬಿರುಕು ಬಿಟ್ಟಿದೆ. ರಾತ್ರಿಯಿಡೀ ಗಾಳಿ ಸೋರುತ್ತೆ. ಬೆಳಗ್ಗೆ ಕಂಪ್ರೆಸರ್ ಎದ್ದು ತುಂಬುತ್ತೆ, ಇದು ಸೋರುತ್ತೆ, ಅದು ಮತ್ತೆ ತುಂಬುತ್ತೆ. ಓಡಿ ಓಡಿ ಅದಕ್ಕೆ ಕಾವೇರುತ್ತೆ. ಸುಟ್ಟುಹೋಗುತ್ತೆ ಅಂತ ಕಂಟ್ರೋಲರ್ ಅದನ್ನು ನಿಲ್ಲಿಸಿ, ಒಂದು ಕೋಡ್ ಬರೆದಿಡುತ್ತೆ. ಇದೇ ಕೋಡ್‌ಗೆ ಕೆಲವು ಸಲ ಕಂಪ್ರೆಸರ್‌ಗೆ ಕರೆಂಟ್ ಕೊಡುವ ಸ್ವಿಚ್ಚು, ಅಂದರೆ ರಿಲೇ, ಸವೆದಿರೋದೋ, ಚೀಲಗಳಿಗೆ ಗಾಳಿ ಹಂಚುವ ವಾಲ್ವ್ ಬ್ಲಾಕ್ ಸೋರೋದೋ ಕಾರಣ ಇರಬಹುದು. ಕಂಪ್ರೆಸರ್ ನಿಜವಾಗಿ ಹೋಗಿರೋದೂ ಉಂಟು. ಕೋಡ್ ಹೇಳೋದು ಯಾರಿಗೆ ಸುಸ್ತಾಗಿದೆ ಅಂತ. ಯಾರಿಂದ ಅಂತ ಅದಕ್ಕೆ ಗೊತ್ತಿಲ್ಲ.

ಆಗ ನನಗೆ ನಮ್ಮ ಎಂಜಿನಿಯರ್ ನೆನಪಾದರು.

ಅಲ್ಲೂ ಸ್ಕ್ಯಾನ್ ನಡೆದಿತ್ತು. ಟಿವಿಯಲ್ಲಿ ಹಳ್ಳ ಬಂತು, ಮೇಲಿನವರು ವೈರ್ ಚುಚ್ಚಿದರು, ಒಂದು ಹೆಸರು ಬಂತು. ಪೈಪಿಗೆ ಅಂತ ಒಬ್ಬರು, ಕೇಬಲ್‌ಗೆ ಅಂತ ಇನ್ನೊಬ್ಬರು ಅಗೆದ ರಸ್ತೆ ಅದು. ನೀರು ಹರಿಯೋಕೆ ಚರಂಡಿ ಇಲ್ಲ. ನಿಂತ ನೀರು ಡಾಂಬರಿನೊಳಗೆ ಇಳಿದರೆ ಜಲ್ಲಿ ಬಿಡಿಸಿಕೊಳ್ಳುತ್ತೆ, ಮೇಲೆ ಲಾರಿ ಹೋದರೆ ಮುಗೀತು. ಆದರೆ ಕೆಳಗೆ ಬಗ್ಗಿ ನೋಡೋರು ಯಾರು? ಸಸ್ಪೆಂಡ್ ಮಾಡಿದರು, ದೀಪ ಆರಿತು. ಜೀವನಾಧಾರ ಭತ್ಯೆ ತಗೊಂಡು ಅವರು ಮನೆಯಲ್ಲಿ ಕೂತರು. ಅವರ ಜಾಗಕ್ಕೆ ಹೊಸಬರು ಬಂದು ಓಡತೊಡಗಿದರು. ಅವರಿಗೂ ಈಗ ಕಾವೇರುತ್ತಿದೆ.

ಈ ಮಧ್ಯೆ ಹಳ್ಳಕ್ಕೆ ಪರಿಹಾರ ಅಂತ ಅದರ ಪಕ್ಕದಲ್ಲೇ ಒಂದು ಹಂಪ್ ಎದ್ದಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಲೆಕ್ಕದಲ್ಲಿ ಹಂಪ್ ಅಂದರೆ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, 25 ಕಿಲೋಮೀಟರ್ ವೇಗದಲ್ಲಿ ಆರಾಮಾಗಿ ದಾಟಬಹುದು. ನಮ್ಮದು ಸಮಾಧಿ ಕಟ್ಟಿದ ಹಾಗಿದೆ. ಭಾವ ಅದನ್ನು ದಾಟುವಾಗ ಬಟನ್ ಒತ್ತಿ ಕಾರನ್ನು ಎತ್ತರ ಮಾಡ್ತಾರೆ. ಚೀಲ ಇನ್ನಷ್ಟು ಉಬ್ಬುತ್ತೆ, ಕಂಪ್ರೆಸರ್ ಇನ್ನಷ್ಟು ಓಡುತ್ತೆ. ಅಂದ ಹಾಗೆ, 20 ಲಕ್ಷ ರೂಪಾಯಿ ದಾಟಿದ ಕಾರಿಗೆ ಕರ್ನಾಟಕದಲ್ಲಿ ಲೈಫ್ ಟ್ಯಾಕ್ಸ್ ಅಂತ ಕಾರಿನ ಬೆಲೆಯ 18%, ಸೆಸ್ ಬೇರೆ. ಜನರ ಬಾಯಲ್ಲಿ ಅದರ ಹೆಸರು ರೋಡ್ ಟ್ಯಾಕ್ಸ್.

ಹೊಸ ಚೀಲ ಹಾಕಿ, ಮತ್ತೆ ಶಾಂಪೂ ಸವರಿ, ಗುಳ್ಳೆ ಇಲ್ಲ ಅಂತ ನೋಡಿಕೊಂಡು ಮೆಕ್ಯಾನಿಕ್ ಕೈ ತೊಳೆದ. ಭಾವ ದುಡ್ಡು ಎಣಿಸುತ್ತಾ ಕೇಳಿದರು, "ಆ ಪೊಟ್ಟಣ ಇನ್ನೊಂದಿದ್ರೆ ಕೊಟ್ಟು ಹೋಗಪ್ಪ. ನಮ್ಮ ರಸ್ತೆಯ ಟೆಂಡರ್ ಫೈಲಿಗೆ ಸವರಿ ನೋಡೋಣ, ಎಲ್ಲಿ ಗುಳ್ಳೆ ಏಳುತ್ತೆ ಅಂತ."

ಅವನು ನಗಲಿಲ್ಲ. ರಸ್ತೆ ಕಡೆ ಒಮ್ಮೆ ನೋಡಿ ಅಂದ, "ಪೊಟ್ಟಣ ಸಾಲಲ್ಲ ಸಾರ್. ದೊಡ್ಡ ಬಾಟ್ಲಿನೇ ತನ್ನಿ."