ತುತ್ತಿಗೊಂದು ವಿಡಿಯೋ ಬೇಡ

ಒಂದೂವರೆ ವರ್ಷದ ಮಗುವಿಗೆ ಊಟ ಮಾಡಿಸುವುದನ್ನು ಹತ್ತಿರದಿಂದ ನೋಡಿ. ನೀರಿನ ಚೊಂಬಿಗೆ ಒರಗಿಸಿಟ್ಟ ಮೊಬೈಲ್. ಕಣ್ಣು ಅದರ ಮೇಲೆ, ಬಾಯಿ ತಾನಾಗಿ ತೆರೆಯುತ್ತದೆ, ತುತ್ತು ಒಳಗೆ ಹೋಗುತ್ತದೆ. ಅಗಿಯುವುದು ಮರೆತು ಅನ್ನ ಕೆನ್ನೆಯಲ್ಲೇ ಉಳಿದಿರುತ್ತದೆ. ಬಟ್ಟಲು ಖಾಲಿಯಾಯಿತಲ್ಲ ಅಂತ ಮನೆಯವರಿಗೆ ಸಮಾಧಾನ. ಆದರೆ ಆ ಅರ್ಧ ಗಂಟೆಯಲ್ಲಿ ಮಗುವಿಗೆ ರುಚಿ ತಿಳಿಯಲಿಲ್ಲ, ಹೊಟ್ಟೆ ತುಂಬಿದ್ದು ಗೊತ್ತಾಗಲಿಲ್ಲ, ಯಾರ ಮುಖವನ್ನೂ ಅದು ನೋಡಲಿಲ್ಲ. ದಿನಕ್ಕೆ ಮೂರು ಹೊತ್ತು ಹೀಗೇ ನಡೆದರೆ ದಿನಕ್ಕೆ ಒಂದೂವರೆ ಗಂಟೆ ಮಾತು ಕಲಿಯುವ ಸಮಯ ಹೋಯಿತು.

ಮಾತು ಕಿವಿಗೆ ಬಿದ್ದರೆ ಸಾಕು, ಕಲಿಯುತ್ತದೆ ಅನ್ನುವ ನಂಬಿಕೆ ಸರಿಯಲ್ಲ. ಕೂಸುಗಳು ಮಾತು ಕಲಿಯುವ ಬಗೆಯನ್ನು ಅಧ್ಯಯನ ಮಾಡುವ ಅಮೆರಿಕದ ಪೆಟ್ರೀಷಿಯಾ ಕೂಲ್ ಅವರ ತಂಡ 2003ರಲ್ಲಿ ಒಂದು ಪ್ರಯೋಗ ಪ್ರಕಟಿಸಿತು. ಇಂಗ್ಲಿಷ್ ಮನೆಗಳ 9 ತಿಂಗಳ ಕೂಸುಗಳ ಜೊತೆ ಚೀನಿ ಭಾಷೆಯವರು 12 ಸಲ ಕೂತು ಆಟ ಆಡಿಸಿ ಪುಸ್ತಕ ಓದಿದರು. ಆ ಕೂಸುಗಳು ಚೀನಿ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಅದನ್ನೇ ಟಿವಿಯಲ್ಲಿ ನೋಡಿದ ಕೂಸುಗಳು ಏನೂ ಕಲಿಯಲಿಲ್ಲ. ಹಾಗಾಗಿ ಒಂದು ವರ್ಷದ ಮಗುವಿಗೆ ಕನ್ನಡ ಶಿಶುಗೀತೆಯ ವಿಡಿಯೋ ಹಾಕಿಟ್ಟು "ಭಾಷೆ ಬರಲಿ ಅಂತ" ಅನ್ನುವುದರಲ್ಲಿ ಹುರುಳಿಲ್ಲ. ಮಗು ಕಿಟಕಿ ಕಡೆ ಬೆರಳು ಮಾಡಿ "ಆ" ಅಂದರೆ ವಿಡಿಯೋ ತನ್ನ ಪಾಡಿಗೆ ಓಡುತ್ತಿರುತ್ತದೆ. ಅಜ್ಜಿಯಾದರೆ "ಹೂಂ ಪುಟ್ಟಾ, ಕಾಗೆ! ಎಲ್ಲಿಗೆ ಹಾರಿಹೋಯ್ತು?" ಅನ್ನುತ್ತಾಳೆ. ಮಗು ತೋರಿಸಿದ ಆ ಕ್ಷಣದಲ್ಲೇ ಸಿಕ್ಕ ಪದ ಮನಸ್ಸಿನಲ್ಲಿ ಉಳಿಯುತ್ತದೆ. ಅಜ್ಜಿಯ ಹಾಗೆ ಮಗುವಿಗೊಂದು ಪ್ರಶ್ನೆ ಹಾಕಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ, ಸುಮ್ಮನಿರಿ. ನಾವು ಎಡವುವುದು ಇಲ್ಲೇ: ಕೇಳುವವರೂ ನಾವೇ, ಉತ್ತರ ಹೇಳುವವರೂ ನಾವೇ.

ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯ ಪ್ರಕಾರ 2 ವರ್ಷ ತುಂಬುವವರೆಗೆ ಕೂತು ಮೊಬೈಲ್, ಟಿವಿ ನೋಡುವುದು ಬೇಡ. 2ರಿಂದ 4 ವರ್ಷಕ್ಕೆ ದಿನಕ್ಕೆ ಒಂದು ಗಂಟೆ ಮೀರಬಾರದು. ದೂರದೂರಿನ ತಾತನ ಜೊತೆಗಿನ ವಿಡಿಯೋ ಕಾಲ್ ಬಗ್ಗೆ ನನ್ನ ತಕರಾರಿಲ್ಲ. ಅಲ್ಲಿ ಕರೆದರೆ ಓಗೊಡುವ ಮನುಷ್ಯ ಇದ್ದಾನೆ.

ಊಟದ ಹೊತ್ತಿನ ಮೊಬೈಲ್ ಬಿಡಿಸುವುದು ಹೇಗೆ? ಮೊದಲು ಊಟದ ಅಳತೆ ಸರಿಮಾಡಿಕೊಳ್ಳಿ. ಒಂದರಿಂದ ಎರಡು ವರ್ಷದ ಮಗುವಿಗೆ ಒಂದು ಹೊತ್ತಿಗೆ 250 ಮಿಲಿಯ ಬಟ್ಟಲಿನಲ್ಲಿ ಮುಕ್ಕಾಲರಿಂದ ಒಂದು ಬಟ್ಟಲು ಸಾಕು. ದೊಡ್ಡವರ ತಟ್ಟೆ ನೋಡಿ "ಏನೂ ತಿನ್ನಲ್ಲ" ಅಂತ ಕೊರಗುವ ಮನೆಗಳಲ್ಲೇ ಮೊಬೈಲ್ ಬೇಗ ಹೊರಬರುತ್ತದೆ. ಊಟಕ್ಕೆ ಮುಂಚಿನ ಒಂದು ಗಂಟೆ ಹಾಲು, ಬಿಸ್ಕತ್ತು ಕೊಡಬೇಡಿ; ಹಸಿವೇ ಇಲ್ಲದೆ ತಿನ್ನು ಅಂದರೆ ಹೇಗೆ? ಮನೆಯವರ ಪಂಕ್ತಿಯಲ್ಲೇ ಕೂರಿಸಿ. ಇಡ್ಲಿ ಚೂರು, ಬಾಳೆಹಣ್ಣು, ಸಾರಲ್ಲಿ ನೆನೆಸಿದ ಚಪಾತಿ ಅದರ ಕೈಗೇ ಕೊಡಿ. ಚೆಲ್ಲುತ್ತದೆ, ಚೆಲ್ಲಲಿ, ಕೆಳಗೊಂದು ಹಳೇ ಪೇಪರ್ ಹಾಸಿ. ಇಪ್ಪತ್ತು ಮೂವತ್ತು ನಿಮಿಷಕ್ಕೆ ತಟ್ಟೆ ಎತ್ತಿಬಿಡಿ, ಒತ್ತಾಯ ಬೇಡ. ಮೊದಲ ಕೆಲವು ದಿನ ರಂಪ ಖಂಡಿತ. ಹೆಚ್ಚಿನ ಮನೆಗಳು ಸೋಲುವುದು ನಾಲ್ಕೋ ಐದೋ ದಿನಕ್ಕೆ, ಯಾರೋ ಕನಿಕರದಿಂದ "ಇವತ್ತೊಂದು ದಿನ" ಅಂತ ಫೋನ್ ಕೊಟ್ಟಾಗ. ಐದು ದಿನ ಅತ್ತರೆ ಸಿಗುತ್ತದೆ ಅಂತ ಮಗು ಅಂದೇ ಕಲಿಯುತ್ತದೆ, ಮುಂದಿನ ಸಲ ಅಳು ಇನ್ನೂ ಜೋರು. ಅದಕ್ಕೇ ಶುರು ಮಾಡುವ ಮೊದಲು ಅಜ್ಜಿ, ತಾತ, ನೋಡಿಕೊಳ್ಳುವ ಆಯಾ ಎಲ್ಲರೂ ಒಂದೇ ಮಾತಿಗೆ ಬರಬೇಕು. ದೊಡ್ಡವರ ಫೋನ್‌ಗಳೂ ಆ ಹೊತ್ತಿಗೆ ಬೇರೆ ಕೋಣೆಯಲ್ಲಿರಲಿ. ಇದನ್ನು ತಾಯಿಯೊಬ್ಬಳ ತಲೆಗೆ ಕಟ್ಟುವುದು ಅನ್ಯಾಯ.

ಇನ್ನು ಶಾಲೆ. ಎಲ್‌ಕೆಜಿಗೆ ಸೇರಿಸಿದ ತಿಂಗಳಲ್ಲೇ "ಮನೆಯಲ್ಲೂ ಇಂಗ್ಲಿಷ್ ಮಾತಾಡಿ" ಅನ್ನುವ ಸಲಹೆ ಬರುತ್ತದೆ. ಇಂಗ್ಲಿಷ್ ಸರಾಗವಾಗಿ ಬಾರದ ಮನೆಯಲ್ಲಿ ಇದರ ಪರಿಣಾಮ ನೋಡಿ: ದಿನವಿಡೀ "ಕಮ್, ಸಿಟ್, ಈಟ್, ಡೋಂಟ್ ಟಚ್". ಬರೀ ಅಪ್ಪಣೆ. ಅದೇ ತಾಯಿ ಕನ್ನಡದಲ್ಲಿ ಸುಲಿ, ಬಿಡಿಸು, ಚಿವುಟು, ಕಿವುಚು, ಹಿಸುಕು ಅಂತ ಬೆರಳಿನ ಒಂದೊಂದು ಕೆಲಸಕ್ಕೂ ಒಂದೊಂದು ಪದ ಕೊಡಬಲ್ಲಳು. ಯಾಕೆ, ಆಮೇಲೆ, ಒಂದು ವೇಳೆ ಅಂತ ಯೋಚನೆ ಕಟ್ಟುವುದನ್ನು ಕಲಿಸಬಲ್ಲಳು. ಒಂದು ಭಾಷೆಯಲ್ಲಿ ಅದು ಗಟ್ಟಿಯಾದರೆ ಇನ್ನೊಂದು ಭಾಷೆಗೆ ಆಸರೆಯಾಗುತ್ತದೆ. ತುಳು, ಕೊಂಕಣಿ, ಉರ್ದು, ಲಂಬಾಣಿ ಮನೆಗಳಿಗೂ ಇದೇ ಮಾತು.

ಬರವಣಿಗೆಯ ಅವಸರವೂ ಹಾಗೇ. ಸಾಮಾನ್ಯವಾಗಿ ಮೂರು ವರ್ಷಕ್ಕೆ ವೃತ್ತ, ನಾಲ್ಕಕ್ಕೆ ಕೂಡುವ ಚಿಹ್ನೆ, ಐದರ ಹೊತ್ತಿಗೆ ತ್ರಿಕೋನ ನೋಡಿ ಬರೆಯಲು ಬರುತ್ತದೆ. ಮೂರೂವರೆ ವರ್ಷದ ಕೈಗೆ "ಅ" ತಿದ್ದಿಸಿದರೆ ಮುಷ್ಟಿಯಲ್ಲಿ ಪೆನ್ಸಿಲ್ ಹಿಡಿಯುವ ಅಭ್ಯಾಸ ಅಂಟಿಕೊಳ್ಳುತ್ತದೆ, ಆಮೇಲೆ ಬಿಡಿಸುವುದು ಕಷ್ಟ. ಅದರ ಬದಲು ಅವರೆಕಾಯಿ ಕಾಲದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ನೆನೆಸಿದ ಕಾಳು ಹಿತುಕಲು ಕೊಡಿ. ಹೆಬ್ಬೆರಳು, ತೋರುಬೆರಳಿನ ನಡುವೆ ಕಾಳು ಒತ್ತಿದಾಗ ಬೇಳೆ ಪುಳಕ್ಕನೆ ಹಾರುತ್ತದೆ. ಪೆನ್ಸಿಲ್ ಹಿಡಿಯಲು ಬೇಕಾದ ಬೆರಳಿನ ಬಲ ಹೀಗೇ ಬರುವುದು. (ಮೂರು ವರ್ಷದೊಳಗಿನವರ ಕೈಗೆ ಕಾಳು ಬೇಡ, ಗಂಟಲಲ್ಲಿ ಸಿಕ್ಕಿಕೊಂಡೀತು.)

ಕೊನೆಗೊಂದು ಮುಖ್ಯ ವಿಷಯ. ಮಾತು ತಡವಾದಾಗಲೆಲ್ಲ ಮೊಬೈಲನ್ನೇ ದೂರಬೇಡಿ, "ಅವರಪ್ಪನೂ ತಡವಾಗೇ ಮಾತಾಡಿದ್ದು" ಅಂತ ಕಾಯುತ್ತಲೂ ಕೂರಬೇಡಿ. ಒಂದು ವರ್ಷಕ್ಕೆ ಹೆಸರು ಕರೆದರೆ ತಿರುಗದಿದ್ದರೆ, ಬೆರಳು ಮಾಡಿ ತೋರಿಸದಿದ್ದರೆ, 16 ತಿಂಗಳಿಗೆ ಒಂದು ಪದವೂ ಇಲ್ಲದಿದ್ದರೆ, ಎರಡು ವರ್ಷಕ್ಕೆ "ಅಮ್ಮ ಬಾ" ಅನ್ನುವಂತೆ ಎರಡು ಪದ ಜೋಡಿಸದಿದ್ದರೆ, ಬರುತ್ತಿದ್ದ ಮಾತು ಯಾವ ವಯಸ್ಸಿನಲ್ಲೇ ಆಗಲಿ ನಿಂತುಹೋದರೆ ತಕ್ಷಣ ಮಕ್ಕಳ ವೈದ್ಯರಿಗೆ ತೋರಿಸಿ. ಮೊದಲು ಆಗಬೇಕಾದ್ದು ಕಿವಿಯ ಪರೀಕ್ಷೆ. ಚಪ್ಪಾಳೆಗೆ ತಿರುಗುತ್ತದೆ ಅಂದ ಮಾತ್ರಕ್ಕೆ ಕಿವಿ ಪೂರ್ತಿ ಸರಿಯಿದೆ ಎಂದಲ್ಲ. ಮಾತಿನ ಸಣ್ಣ ಧ್ವನಿಗಳು ಕೇಳದೇ ಇರಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ; ಎಳೆಗೂಸಿಗೂ ಅಲ್ಲಿ ಶ್ರವಣ ಪರೀಕ್ಷೆ ಮಾಡುತ್ತಾರೆ. ಹೋಗುವಾಗ ಮಗು ಆಡುವ ಪದಗಳನ್ನೆಲ್ಲ, "ಮಮ್ಮು", "ತಾಚಿ" ಸೇರಿಸಿ, ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಪರೀಕ್ಷಿಸುವವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.