ದಿನಕ್ಕೆ 49 ಜನ ಓಡಾಡುವ ರೈಲು ಬೇಕಾ?

ಬೇಕು ಅಂತ ನಾನು ಹೇಳ್ತೀನಿ. ಯಾಕೆ ಅಂತಾನೂ ಹೇಳ್ತೀನಿ.

ಜಪಾನಿನ ತದಾಮಿ ಲೈನ್ ಫುಕುಶಿಮಾದ ಐಜು-ವಾಕಾಮಾತ್ಸುವಿನಿಂದ ಹೊರಟು, ತದಾಮಿ ನದಿಯನ್ನು ಮತ್ತೆ ಮತ್ತೆ ದಾಟುತ್ತಾ ನೀಗಾತಾದ ಕೊಯಿದೆ ತಲುಪುತ್ತದೆ. 135 ಕಿಲೋಮೀಟರ್ ದಾರಿ, ಓಡುವುದು ಡೀಸೆಲ್ ಗಾಡಿ. 2011ರ ಜುಲೈನಲ್ಲಿ ಸುರಿದ ಮಳೆಗೆ ಮೂರು ಸೇತುವೆಗಳು ಹಾಳಾದವು. ಐಜು-ಕಾವಾಗುಚಿಯಿಂದ ತದಾಮಿವರೆಗೆ 27.6 ಕಿಲೋಮೀಟರ್ ರೈಲೇ ನಿಂತುಹೋಯಿತು. ಅದಕ್ಕೆ ಮುಂಚೆ ಆ ಭಾಗದ ಪ್ರಯಾಣಿಕರು ದಿನಕ್ಕೆ ಸರಾಸರಿ 49. ಬಸ್ ಸಾಕಲ್ವಾ ಅಂದಿತು ಈ ಲೈನ್ ಓಡಿಸುವ ಜೆಆರ್ ಈಸ್ಟ್ ಕಂಪನಿ.

ಈ 49ನ್ನು ಮಾತ್ರ ನೋಡುವವರು ಇದೇ ತುಂಡಿನ ಹುಟ್ಟನ್ನು ಮರೆಯುತ್ತಾರೆ. 1950ರ ದಶಕದಲ್ಲಿ ಇಲ್ಲಿ ಹಳಿ ಹಾಕಿದ್ದು ಊರಿನವರಿಗಾಗಿ ಅಲ್ಲ, ತಾಗೋಕುರಾ ಅಣೆಕಟ್ಟು ಕಟ್ಟುವ ಸಾಮಾನು ಸಾಗಿಸಲು. ಅಣೆಕಟ್ಟಿನ ಹಿನ್ನೀರಿನಲ್ಲಿ ತಾಗೋಕುರಾ ಅನ್ನುವ ಹಳ್ಳಿಯೇ ಮುಳುಗಿತು. ಈ ಕಣಿವೆಯ ಕರೆಂಟು ದೂರದ ನಗರಗಳಿಗೆ ಹೋಯಿತು. ಜನರ ರೈಲು ಓಡಿದ್ದು ಆಮೇಲೆ, 1963ರಲ್ಲಿ. ಇಷ್ಟು ಕೊಟ್ಟ ಊರಿನ ಹತ್ತಿರ ಟಿಕೆಟ್ ಲೆಕ್ಕ ಕೇಳುವುದು ನನಗಂತೂ ಸರಿ ಕಾಣುವುದಿಲ್ಲ.

1971ರಲ್ಲಿ 6 ಕಿಲೋಮೀಟರ್‌ಗೂ ಉದ್ದದ ರೋಕುಜೂರಿಗೋಎ ಸುರಂಗ ಸೇರಿ ಲೈನ್ ಪೂರ್ತಿಯಾಯಿತು. ಅದರ ಮೇಲಿನ ಘಾಟಿ ರಸ್ತೆ ಚಳಿಗಾಲದಲ್ಲಿ ಹಿಮದಿಂದ ಮುಚ್ಚಿಹೋಗುತ್ತದೆ. 1980ರ ದಶಕದಲ್ಲಿ ಸರ್ಕಾರ ನಷ್ಟದ ಲೈನ್‌ಗಳನ್ನು ಒಂದೊಂದಾಗಿ ಕೈಬಿಟ್ಟಾಗ ಇದು ಉಳಿದದ್ದು ಬೇರೆ ದಾರಿ ಇಲ್ಲ ಅನ್ನುವ ಕಾರಣಕ್ಕೆ.

2011ರ ಮಳೆಯ ನಂತರ ಬಸ್ ಸಾಕು ಅಂದಾಗಲೂ ಫುಕುಶಿಮಾ ಪ್ರಾಂತ್ಯ ಮತ್ತು ಊರಿನ ಆಡಳಿತಗಳು ಹಟ ಬಿಡಲಿಲ್ಲ. ಕೊನೆಗೆ, ನಿಂತುಹೋದ ಭಾಗದ ಹಳಿ, ಸೇತುವೆ ಪ್ರಾಂತ್ಯದ್ದು, ಗಾಡಿ ಓಡಿಸುವುದು ಜೆಆರ್ ಅಂತ ಒಪ್ಪಂದವಾಯಿತು. ಸುಮಾರು 900 ಕೋಟಿ ಯೆನ್ ಖರ್ಚಾಯಿತು. 2022ರ ಅಕ್ಟೋಬರ್ 1ರಂದು, 11 ವರ್ಷದ ಮೇಲೆ, ರೈಲು ಮತ್ತೆ ಓಡಿತು. ರಸ್ತೆಗೆ ಹಣ ಹಾಕುವಾಗ ಲಾಭ ಎಷ್ಟು ಅಂತ ಯಾರೂ ಕೇಳುವುದಿಲ್ಲ. ಹಳಿಯನ್ನೂ ಹಾಗೇ ನೋಡಿದರಲ್ಲ, ಅದು ನನಗೆ ತುಂಬಾ ಹಿಡಿಸಿತು.

ಮಿಶಿಮಾ ಊರಿನ ಹತ್ತಿರದ ಕಮಾನು ಸೇತುವೆಯ ಫೋಟೋ ನೀವೂ ನೋಡಿರಬಹುದು. ಮಂಜು, ಹಸಿರು ನೀರು, ಮೇಲೆ ಪುಟ್ಟ ರೈಲು. ಆದರೆ ಕಾರಿನಲ್ಲಿ ಬಂದು ಫೋಟೋ ತೆಗೆದು ಹೋದರೆ ರೈಲಿಗೆ ಸಿಗುವುದೇನೂ ಇಲ್ಲ. ಹೋಗುವವರು ದಯವಿಟ್ಟು ಟಿಕೆಟ್ ತಗೊಂಡು ಹತ್ತಿ. ಮತ್ತೆ ಶುರುವಾದ ಭಾಗದಲ್ಲಿ ದಿನಕ್ಕೆ ಹೋಗಿ ಬರುವ ಗಾಡಿ ಮೂರೇ ಮೂರು. ಇಷ್ಟು ಖರ್ಚು ಮಾಡಿ ಕಟ್ಟಿದ ಮೇಲೆ ಇನ್ನೊಂದು ಜಾಸ್ತಿ ಓಡಿಸಲೇಬೇಕು. ಆಸ್ಪತ್ರೆಗೋ ಶಾಲೆಗೋ ಹೋಗುವವರಿಗೆ ಹೊಂದುವ ಹೊತ್ತಿಗೆ ಗಾಡಿ ಇಲ್ಲದಿದ್ದರೆ ಆ 49 ಹೆಚ್ಚುವುದು ಹೇಗೆ?