ಪೊರಕೆ ಎಳೆದ ಗೆರೆ

ನಮ್ಮ ಬೀದಿಯ ನಟ್ಟನಡುವೆ ಒಂದು ಗೆರೆ ಇದೆ. ಬೆಳಿಗ್ಗೆ ಏಳರಿಂದ ಏಳೂವರೆ ತನಕ ಮಾತ್ರ ಕಾಣಿಸುತ್ತದೆ. ಅದೂ ಕಾರ್ತಿಕ ಮಾಸದಲ್ಲಿ, ಆಕಾಶಮಲ್ಲಿಗೆ ಮರ ರಾತ್ರಿಯಿಡೀ ಹೂ ಸುರಿಸುವ ದಿನಗಳಲ್ಲಿ. ಗೆರೆಯ ಈಚೆ ರಸ್ತೆ ಒರೆಸಿಟ್ಟ ಸ್ಲೇಟಿನ ಹಾಗೆ ಕಪ್ಪಗಿರುತ್ತದೆ. ಆಚೆ ಬರೀ ಬಿಳಿ ಹೂವು. ಯಾರೋ ಸ್ಕೇಲ್ ಇಟ್ಟು ಗೀಟು ಹಾಕಿದ ಹಾಗೆ. ಎಂಟರ ಹೊತ್ತಿಗೆ ಸ್ಕೂಲ್ ವ್ಯಾನು, ಹಾಲಿನ ಆಟೊ, ಬೈಕು ಎಲ್ಲ ಓಡಾಡಿ ಅಳಿಸಿಹೋಗುತ್ತದೆ.

ಮೊದಲು ನಾನು ಇದನ್ನು ಸೋಮಾರಿತನ ಅಂದುಕೊಂಡಿದ್ದೆ. ಅರ್ಧ ರಸ್ತೆ ಗುಡಿಸಿ ಅರ್ಧ ಬಿಡುವುದೆಂದರೆ ಏನರ್ಥ? ಒಂದು ದಿನ ಗೇಟಿನ ಹತ್ತಿರ ನಿಂತು ಕೇಳಿಯೇಬಿಟ್ಟೆ. ಪೌರಕಾರ್ಮಿಕ ಅಕ್ಕ ಉದ್ದನೆಯ ಪೊರಕೆಯನ್ನು ಮರಕ್ಕೆ ಆನಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು.

‘ನಮ್ದು ಇಲ್ಲೀತನ್ಕ ಅಷ್ಟೇ ಸಾರ್. ಆಚೇದು ಬೇರೆ ವಾರ್ಡು.’

‘ಮರ ಈ ಕಡೆ ಇದೆಯಲ್ಲಮ್ಮ. ಹೂವು ಇದೇ ಮರದ್ದು.’

‘ಮರ ನಮ್ದೇ. ಆ ಕಡೆ ಬಿದ್ದ ಹೂವು ಅವ್ರದ್ದು. ಎಂಟು ಗಂಟೆಗೆ ಬರ್ತಾರೆ, ಗುಡಿಸ್ಕೋತಾರೆ.’

ಇಪ್ಪತ್ತು ವರ್ಷದಿಂದ ಬಸವನಗುಡಿಯಲ್ಲಿದ್ದೇನೆ. ನನ್ನ ವಾರ್ಡು ಎಲ್ಲಿ ಮುಗಿಯುತ್ತದೆ ಅಂತ ಗೊತ್ತಾಗಿದ್ದು ಅವತ್ತು.

ನಾನೊಬ್ಬನೇ ಹೀಗಲ್ಲ ಅನ್ನುವ ಧೈರ್ಯ ನನಗಿದೆ. ಯಾರನ್ನಾದರೂ ಕೇಳಿ ನೋಡಿ. ಪಿನ್‌ಕೋಡ್ ಹೇಳುತ್ತಾರೆ. ಎಂಎಲ್‌ಎ ಹೆಸರು ಹೇಳುತ್ತಾರೆ. ಗ್ಯಾಸ್ ಏಜೆನ್ಸಿಯವನ ನಂಬರ್ ಬಾಯಿಪಾಠ. ವಾರ್ಡ್ ಅಂದರೆ ಮಾತ್ರ, ‘ಅದೇ, ಆ ಪಾರ್ಕ್ ಹತ್ತಿರದ್ದು...’ ಅಂತ ಎಳೆಯುತ್ತಾರೆ. ಅರ್ಜಿಯಲ್ಲಿ ‘ವಾರ್ಡ್ ಸಂಖ್ಯೆ’ ಅಂತ ಒಂದು ಚೌಕ ಇರುತ್ತದಲ್ಲ, ಅಲ್ಲಿಗೆ ಬಂದಾಗ ಎಲ್ಲರ ಪೆನ್ನೂ ನಿಂತು ಪಕ್ಕದವರ ಕಾಗದ ನೋಡುತ್ತದೆ.

ಅಂಚೆಯವರ ಲೆಕ್ಕದಲ್ಲಿ ನಾವು ‘ಬೆಂಗಳೂರು 4’. 1972ರಲ್ಲಿ ಪಿನ್‌ಕೋಡ್ ಬಂದ ಮೇಲೆ ಅದಕ್ಕೆ 56000 ಅಂತ ಬಾಲದ ಬದಲು ತಲೆ ಸೇರಿಕೊಂಡಿತು, ಕೊನೆಯ 4 ಹಾಗೇ ಉಳಿಯಿತು. ಹಳಬರು ಈಗಲೂ ಮದುವೆ ಕಾಗದದ ಮೇಲೆ ಬೆಂಗಳೂರು 4 ಅಂತಲೇ ಬರೆಯುತ್ತಾರೆ. ಪೊಲೀಸರಿಗೆ ಬೇರೆ ನಕ್ಷೆ. ಕರೆಂಟಿನವರಿಗೆ ಬೇರೆ, ನೀರಿನವರಿಗೆ ಇನ್ನೊಂದು. ಒಂದೇ ಮನೆಯ ಮೇಲೆ ಇಷ್ಟೊಂದು ನಕ್ಷೆ ಹೊದಿಸಿದ್ದಾರೆ. ಅದರಲ್ಲಿ ಪದೇ ಪದೇ ಒಗೆದು, ಹರಿದು, ಹೊಸದಾಗಿ ಹೊಲಿಯುವುದು ವಾರ್ಡಿನ ನಕ್ಷೆಯನ್ನು ಮಾತ್ರ.

ಬೆಂಗಳೂರಿಗೆ ಮುನಿಸಿಪಾಲಿಟಿ ಬಂದಿದ್ದು 1862ರಲ್ಲಿ. ಪೇಟೆಗೊಂದು, ದಂಡಿಗೊಂದು (ಅದೇ, ಬ್ರಿಟಿಷರ ಕಂಟೋನ್ಮೆಂಟ್) ಅಂತ ಎರಡು ಬೇರೆ ಬೇರೆ ಸಂಸಾರ. 1949ರಲ್ಲಿ ಎರಡನ್ನೂ ಕೂಡಿಸಿ ಕಾರ್ಪೊರೇಷನ್ ಮಾಡಿದರು. ಆಗ 50 ಕ್ಷೇತ್ರ, 70 ಸದಸ್ಯರು. ಆಮೇಲೆ ವಾರ್ಡು 87, ಆಮೇಲೆ 100. 2007ರಲ್ಲಿ ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಎಲ್ಲ ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, ಅಂದರೆ ಬಿಬಿಎಂಪಿ ಆಯಿತು, ವಾರ್ಡು 198. ಒಂದನೇದು ಕೆಂಪೇಗೌಡ ವಾರ್ಡು, ಕೊನೇದು ಹೆಮ್ಮಿಗೆಪುರ. 2022ರಲ್ಲಿ 243 ಅಂದರು. ಚುನಾವಣೆ ಆಗಲಿಲ್ಲ. ಮಾರನೇ ವರ್ಷ 225 ಅಂದರು. ಅದೂ ಆಗಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯನ್ನೇ ಬಿಚ್ಚಿ ಐದು ಪಾಲಿಕೆ ಮಾಡಿದರು. ಐದೂ ಸೇರಿ 369 ವಾರ್ಡು. ತಮಾಷೆ ಏನಪ್ಪಾ ಅಂದರೆ 243 ಮಾಡಿದಾಗಲೂ, 225 ಮಾಡಿದಾಗಲೂ, 369 ಮಾಡಿದಾಗಲೂ ಎಣಿಸಿದ್ದು 2011ರ ಜನಗಣತಿಯ ತಲೆಗಳನ್ನೇ. ಅದೇ ಹಿಟ್ಟು. ಒಂದು ಸಲ ಸಣ್ಣ ಉಂಡೆ, ಒಂದು ಸಲ ದಪ್ಪ ಉಂಡೆ.

ಇದರ ನಡುವೆ ಒಂದು ಸಣ್ಣ ವಿಷಯ ಮರೆತೇಹೋಗುತ್ತದೆ. ಹಿಂದಿನ ಕೌನ್ಸಿಲ್‌ನ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಅಲ್ಲಿಂದ ವರ್ಷಗಟ್ಟಲೆ ವಾರ್ಡು ಇತ್ತು, ಕಾರ್ಪೊರೇಟರ್ ಇರಲಿಲ್ಲ. ಗರ್ಭಗುಡಿ ಕಟ್ಟಿ, ಒಡೆದು, ಇನ್ನೂ ದೊಡ್ಡದಾಗಿ ಕಟ್ಟಿ, ದೇವರನ್ನು ಕೂರಿಸುವುದನ್ನೇ ಮುಂದೂಡಿದ ಹಾಗೆ.

198ರ ಕಾಲದಲ್ಲಿ ಬಸವನಗುಡಿ 154ನೇ ವಾರ್ಡು. ನನಗೆ ಆ ಸಂಖ್ಯೆ ಈಗಲೂ ಇಷ್ಟ. ಆದರೆ ಅದಕ್ಕಿಂತ ಜಾಸ್ತಿ ಇಷ್ಟ 142. ಅದು ಸುಂಕೇನಹಳ್ಳಿ ವಾರ್ಡು. ಸುಂಕೇನಹಳ್ಳಿ ಅಂತ ನೀವು ಆಟೊದವರಿಗೆ ಹೇಳಿ ನೋಡಿ. ‘ಯಾವ ಹೈವೇ ಸಾರ್?’ ಅಂತ ಕೇಳಬಹುದು. ಆದರೆ ಬಸವನಗುಡಿ ಅನ್ನುವ ಹೆಸರು ಹುಟ್ಟುವ ಮೊದಲು ಇಲ್ಲಿದ್ದದ್ದೇ ಸುಂಕೇನಹಳ್ಳಿ. ಕಡಲೆಕಾಯಿ ಬೆಳೆಯುವ ಊರು. ರಾತ್ರಿ ಬಸವ ಬಂದು ಬೆಳೆ ಮೇಯುತ್ತಿತ್ತಂತೆ. ರೈತರು ದೊಣ್ಣೆಯಿಂದ ಹೊಡೆದರಂತೆ. ಬಸವ ಅಲ್ಲೇ ಕೂತು ಕಲ್ಲಾಯಿತಂತೆ. ಕಲ್ಲಾದ ಮೇಲೂ ಬೆಳೆಯುತ್ತಲೇ ಇತ್ತಂತೆ. ಕೊನೆಗೆ ತಲೆಯ ಮೇಲೆ ತ್ರಿಶೂಲ ನೆಟ್ಟು ನಿಲ್ಲಿಸಿದರಂತೆ. ಇಷ್ಟೊಂದು ‘ಅಂತೆ’ಗಳ ಕೊನೆಯಲ್ಲಿ ಒಂದು ಕಲ್ಲಿನ ಸತ್ಯ ಇದೆ. ಒಂದೇ ಬಂಡೆಯಲ್ಲಿ ಕಡೆದ, ಎಣ್ಣೆ ಬೆಣ್ಣೆ ಕುಡಿದು ಕರ್ರಗೆ ಹೊಳೆಯುವ ದೊಡ್ಡ ಬಸವ. ಗುಡಿ ಕಟ್ಟಿಸಿದ್ದು 1537ರಲ್ಲಿ ಕೆಂಪೇಗೌಡರು ಅನ್ನುತ್ತಾರೆ. ಗುಡಿಯ ಹೆಸರು ಊರಿಗೆ ಬಂತು. ಊರಿನ ಹೆಸರು ಹಿಂದೆ ಸರಿಯಿತು. ಆಮೇಲೆ ಯಾವಾಗಲೋ ವಾರ್ಡಿನ ಪಟ್ಟಿಗೆ ಹೋಗಿ ಕೂತಿತು. ಅಪ್ಪ 142ರಲ್ಲಿ, ಮಗ 154ರಲ್ಲಿ. ಪಾಲು ಆದ ಮೇಲೆ ಬೇರೆ ಮನೆ ಮಾಡಿದ ಹಾಗೆ, ಅಲ್ವಾ?

ಹೀಗಾಗಿ ವಾರ್ಡಿನ ಹೆಸರುಗಳ ಬಗ್ಗೆ ನನಗೊಂದು ಮೃದು ಮೂಲೆ ಇದೆ. 198ರ ಪಟ್ಟಿಯನ್ನು ಸುಮ್ನೆ ಓದುತ್ತಾ ಹೋದರೆ ಹಳ್ಳಿ, ಪಾಳ್ಯ, ಸಂದ್ರಗಳೆಲ್ಲ ಸಾಲಾಗಿ ಬರುತ್ತವೆ. ಗದ್ದೆ ಹೋಯಿತು, ಕೆರೆ ಹೋಯಿತು, ಹೆಸರು ಮಾತ್ರ ಸರ್ಕಾರಿ ಕಾಗದದಲ್ಲಿ ಬಾಡಿಗೆಗೆ ಇದೆ. ಅದಕ್ಕೇ 2022ರಲ್ಲಿ ಕೆಲವು ಹಳೇ ಹೆಸರು ತೆಗೆದು ರಾಜರ, ವೀರರ ಹೆಸರು ಇಟ್ಟಾಗ ನನಗೆ ಬೇಜಾರಾಯಿತು. ರಾಜರಿಗೆ ಸರ್ಕಲ್ ಇದೆ, ಪ್ರತಿಮೆ ಇದೆ. ಪಾಪ, ಹಳ್ಳಿಗೆ ಏನಿದೆ?

ಸುಂಕ ಅಂದ ತಕ್ಷಣ ಒಂದು ಗಾದೆ ನೆನಪಾಗುತ್ತದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅಂತ. ಬಸವನಗುಡಿಗೆ ಬರುವ ಮೊದಲು ನಾನು ಇನ್ನೊಂದು ಬಡಾವಣೆಯಲ್ಲಿದ್ದೆ. ಹೆಸರು ಬೇಡ. ಮನೆ ಮುಂದಿನ ಬೀದಿದೀಪ ಕೆಟ್ಟಿತ್ತು. ಹೋಗಿ ಹೇಳಿದೆ. ‘ಕಂಬ ಪಕ್ಕದ ವಾರ್ಡಿಗೆ ಸೇರುತ್ತೆ’ ಅಂದರು. ಪಕ್ಕದ ವಾರ್ಡಿಗೆ ಹೋದೆ. ಅಲ್ಲಿಯವರು ತಾಳ್ಮೆಯಿಂದ ಕೇಳಿಸಿಕೊಂಡು, ‘ಕಂಬ ನಮ್ದೇ ಸಾರ್, ಆದ್ರೆ ಬೆಳಕು ಬೀಳೋದು ಅವ್ರ ಕಡೆ’ ಅಂದರು. ನಾನು ನಗಬೇಕೋ ಅಳಬೇಕೋ ಗೊತ್ತಾಗದೆ ಹೊರಗೆ ಬಂದು ಕಾಫಿ ಕುಡಿದೆ. ಮೂರು ತಿಂಗಳಾದ ಮೇಲೆ ದೀಪ ಹತ್ತಿತು. ಯಾವ ವಾರ್ಡಿನವರು ಹಾಕಿದರೋ, ನಾನು ಕೇಳಲು ಹೋಗಲಿಲ್ಲ. ಕೇಳಿದರೆ ಆರಿಸಿಬಿಟ್ಟಾರು ಅನ್ನುವ ಭಯ.

ಜಮೀನಿನ ಪತ್ರದಲ್ಲಿ ಚಕ್ಕುಬಂದಿ ಅಂತ ಬರೆಯುತ್ತಾರೆ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಹುಣಸೆಮರ. ವಾರ್ಡಿನ ಚಕ್ಕುಬಂದಿಯೂ ಹಾಗೇ ಶುರುವಾಗುತ್ತದೆ. ಹೊಲದ ಬದಲು ಮೇನ್ ರೋಡು, ಹಳ್ಳದ ಬದಲು ರಾಜಕಾಲುವೆ, ಹುಣಸೆಮರದ ಬದಲು ಕ್ರಾಸು. ನಮ್ಮ ಕಡೆ ಈ ರಸ್ತೆಗಳು ನೆಟ್ಟಗಿರುವುದಕ್ಕೆ ಕಾರಣ ಇಲಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಲ್ಲಿ ಜನ ಸಾಯತೊಡಗಿದರು. ಗಾಳಿ ಬೆಳಕು ಇರುವ ಕಡೆ ಮನೆ ಕಟ್ಟಿಕೊಳ್ಳಲಿ ಅಂತ ಉತ್ತರದಲ್ಲಿ ಮಲ್ಲೇಶ್ವರ, ದಕ್ಷಿಣದಲ್ಲಿ ಬಸವನಗುಡಿ ಬಡಾವಣೆಗಳನ್ನು ಮಾಡಿದರು. ಅಡ್ಡರಸ್ತೆ, ಉದ್ದರಸ್ತೆ, ಮನೆಗಳ ಹಿಂದೆ ಕಸದ ಕೆಲಸಕ್ಕೆ ಅಂತಲೇ ಸಣ್ಣ ಓಣಿ. ಗಾಂಧಿಬಜಾರಿನಲ್ಲಿ ಹೂ ಕೊಳ್ಳುವಾಗಲಿ, 1943ರಿಂದ ಇರುವ ವಿದ್ಯಾರ್ಥಿ ಭವನದ ಮುಂದೆ ದೋಸೆಗೆ ಕಾಯುವಾಗಲಿ ಯಾರಿಗೂ ಇಲಿ ನೆನಪಾಗುವುದಿಲ್ಲ. ಆಗದಿರುವುದೇ ಒಳ್ಳೆಯದು.

ಆದರೆ ಇಲ್ಲಿ ಯಾವ ಸರ್ವೆಯವರೂ ಎಳೆಯದ ಒಂದು ಗೆರೆ ಇದೆ. ಜೋರು ಮಳೆ ಬಂದಾಗ ಗೊತ್ತಾಗುತ್ತದೆ. ಬಸವನಗುಡಿ ಇರುವುದು ದಿಬ್ಬದ ಮೇಲೆ. ಪೂರ್ವಕ್ಕೆ ಇಳಿದ ನೀರು ಲಾಲ್‌ಬಾಗ್ ಕಡೆ ಹೋಗುತ್ತದೆ. ಅಲ್ಲಿಂದ ಕೋರಮಂಗಲದ ಕಣಿವೆ, ಬೆಳ್ಳಂದೂರು ಕೆರೆ, ವರ್ತೂರು ಕೆರೆ, ಆಮೇಲೆ ದಕ್ಷಿಣ ಪಿನಾಕಿನಿ. ಪಶ್ಚಿಮಕ್ಕೆ ಇಳಿದದ್ದು ಗವಿಪುರದ ಕೆಂಪಾಂಬುಧಿ ಕೆರೆಯ ಕಡೆ, ಅಲ್ಲಿಂದ ವೃಷಭಾವತಿ. ಬಸವನ ಪಾದದಲ್ಲಿ ಹುಟ್ಟಿದಳು ಅಂತ ಆ ಹೆಸರು. ಮೈಸೂರು ರಸ್ತೆ ಮುಟ್ಟುವ ಹೊತ್ತಿಗೆ ಪಾಪ ಅವಳಿಗೆ ‘ಕೆಂಗೇರಿ ಮೋರಿ’ ಅಂತ ಅಡ್ಡಹೆಸರು ಬಂದಿರುತ್ತದೆ. ಅವಳು ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ಒಂದೇ ಮೋಡದ ಎರಡು ಹನಿ ಇಲ್ಲಿ ಒಂದು ಫರ್ಲಾಂಗು ಆಚೀಚೆ ಬಿದ್ದರೆ ಬೇರೆ ಬೇರೆ ನದಿ ಹಿಡಿದು ತಮಿಳುನಾಡಿಗೆ ಹೋಗುತ್ತವೆ. ಕೊನೆಗೆ ಸೇರುವುದು ಅದೇ ಬಂಗಾಳ ಕೊಲ್ಲಿಗೆ. ಈ ಗೆರೆಗೆ ಆಕ್ಷೇಪಣೆ ಸಲ್ಲಿಸಲು ಹದಿನೈದು ದಿನ ಕಾಲಾವಕಾಶ ಅಂತ ಯಾರೂ ಪ್ರಕಟಣೆ ಕೊಡುವುದಿಲ್ಲ. ದಿಬ್ಬದ ಕಲ್ಲು ಸುಮಾರು 300 ಕೋಟಿ ವರ್ಷದ್ದು. ಅದರ ಮುಂದೆ 198 ಏನು, 369 ಏನು.

ಆ ಕಲ್ಲಿನ ಒಂದು ತುಂಡೇ ಬ್ಯೂಗಲ್ ರಾಕ್, ನಮ್ಮ ಕಹಳೆ ಬಂಡೆ. ಸಂಜೆ ಅಲ್ಲಿ ಕೂರುವ ನಿವೃತ್ತರ ಗುಂಪಿಗೆ ನಾನು ವಾರ್ಡಿನ ಪ್ರಶ್ನೆ ಹಾಕಿದೆ. ಐದು ಜನ, ಆರು ಉತ್ತರ. ಕೊನೆಗೆ ಮೇಷ್ಟ್ರೊಬ್ಬರು ಅಂದರು, ‘ಅದೆಲ್ಲ ಯಾಕ್ರೀ? ಪರಿಷೆ ಯಾವತ್ತು ಅದು ಹೇಳಿ.’

ಕಡಲೆಕಾಯಿ ಪರಿಷೆ, ಅಂದರೆ ದೊಡ್ಡ ಬಸವನ ಗುಡಿಯ ಜಾತ್ರೆ, ಕಾರ್ತಿಕದ ಕೊನೇ ಸೋಮವಾರ. ಕೋಲಾರ, ಚಿಕ್ಕಬಳ್ಳಾಪುರ, ಮಾಗಡಿ, ಆಂಧ್ರ, ತಮಿಳುನಾಡು ಎಲ್ಲ ಕಡೆಯಿಂದ ಮೂಟೆ ಬರುತ್ತವೆ. ಹಸಿಯದು, ಹುರಿದದ್ದು, ಬೇಯಿಸಿದ್ದು. ಬುಲ್ ಟೆಂಪಲ್ ರಸ್ತೆಯ ಉದ್ದಕ್ಕೂ ಕಡಲೆಕಾಯಿ ರಾಶಿ, ಸೇರಿನಲ್ಲಿ ಅಳೆದು ಮೇಲೊಂದು ಹಿಡಿ ಕೊಸರು. ಕೊಸರು ಹಾಕದವನ ಹತ್ತಿರ ನಾನು ವ್ಯಾಪಾರ ಮಾಡುವುದಿಲ್ಲ. ಜನ ತಿನ್ನುತ್ತಾ ನಡೆಯುತ್ತಾರೆ, ಸಿಪ್ಪೆ ಉದುರುತ್ತಾ ಹೋಗುತ್ತದೆ. ನಮ್ಮ ಬೀದಿ ಗುಡಿಯಿಂದ ಅಷ್ಟು ದೂರ ಇದ್ದರೂ ರಾತ್ರಿ ಹತ್ತಕ್ಕೆ ಸಿಪ್ಪೆ ಅಲ್ಲಿಗೂ ಬಂದಿತ್ತು.

ಹೋದ ಸಲ ಪರಿಷೆಯ ಮಾರನೇ ದಿನ, ಮಂಗಳವಾರ ಬೆಳಿಗ್ಗೆ ಏಳಕ್ಕೆ ಗೇಟಿಗೆ ಹೋಗಿ ನೋಡಿದೆ. ಗೆರೆ ಇರಲಿಲ್ಲ. ಈ ಅಂಚಿನಿಂದ ಆ ಅಂಚಿನವರೆಗೆ ಸಿಪ್ಪೆ ಮತ್ತು ಹೂವು. ಆರೇಳು ಪೊರಕೆಗಳು ಒಟ್ಟಿಗೆ ಓಡಾಡುತ್ತಿದ್ದವು. ನಮ್ಮ ಅಕ್ಕನ ಜೊತೆ ಆ ಕಡೆಯವರೂ ಇದ್ದರು.

‘ಇವತ್ತು ಎಲ್ರೂ ಒಟ್ಗೇ ಸಾರ್’ ಅಂದಳು. ‘ಸಿಪ್ಪೆ ಯಾರದ್ದು ಅಂತ ಹೇಳೋದು?’

ರಾಶಿಯಲ್ಲಿ ಒಡೆಯದ ಒಂದು ಕಾಯಿ ಸಿಕ್ಕಿತ್ತು ಅವಳಿಗೆ. ಗ್ಲೌಸು ಬಿಚ್ಚಿ, ಪಟ್ ಅಂತ ಒಡೆದು, ಎರಡು ಬೀಜದಲ್ಲಿ ಒಂದನ್ನು ಆ ಕಡೆಯ ಹೆಂಗಸಿಗೆ ಕೊಟ್ಟಳು.

ಬುಧವಾರ ಗೆರೆ ವಾಪಸ್ ಬಂದಿತ್ತು. ಗಮನಿಸಿ ನೋಡಿದರೆ, ಒಂದಡಿ ನಮ್ಮ ಕಡೆಗೆ.